ರೇಡಿಯೇಟರ್ ಫ್ಯಾನ್ ತಿರುಗದಿದ್ದರೆ: ಗಿರಿ ಹತ್ತುವ ಕಾರಿನ ದೋಷ ಹುಡುಕುವ ಬಗೆ

ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ, ಆಲ್ದೂರು ಕಡೆಯ ಕಾಫಿ ತೋಟವೊಂದರ ರೈಟರು (ಲೆಕ್ಕಪತ್ರ ನೋಡುವವರು) ತಮ್ಮ ಸಣ್ಣ ಪೆಟ್ರೋಲ್ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಚಿಕ್ಕಮಗಳೂರಿನ ನನ್ನ ಅಂಗಡಿಗೆ ತಂದರು. ಮನೆಗೆ ಬಂದ ನೆಂಟರನ್ನು ಮುಳ್ಳಯ್ಯನಗಿರಿ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಸೀತಾಳಯ್ಯನಗಿರಿಯ ಹತ್ತಿರ ವಾಹನಗಳ ಸಾಲಿನಲ್ಲಿ ಅರ್ಧ ಗಂಟೆ ತೆವಳುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿದೆ. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬೇರೆ ಕಡೆ ತೋರಿಸಿದ್ದರು. ಒಮ್ಮೆ ಎಂಜಿನ್ನಿನ ಕಾವು ಅಳೆಯುವ ಸೆನ್ಸರ್ ಹೊಸದು ಬಂತು, ಇನ್ನೊಮ್ಮೆ ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕಿದರು. ಈಗ ಫ್ಯಾನ್ ಮೋಟಾರನ್ನೇ ಬದಲಿಸಬೇಕು ಎಂದು ಹೇಳಿದ್ದರು.

"ಇಷ್ಟು ಖರ್ಚು ಮಾಡಿದ ಮೇಲೂ ಫ್ಯಾನ್ ಮಾತ್ರ ಅಲುಗಾಡುವುದಿಲ್ಲ. ಮೋಟಾರ್ ತರಿಸಿಬಿಡಲೇ ಅಣ್ಣಾ?" ಎಂದು ಅವರು ಕೇಳಿದರು.

ತರಿಸಬೇಡಿ, ಮೊದಲು ನೋಡೋಣ ಎಂದೆ. ಕೊನೆಗೆ ಆ ಕಾರಿನಲ್ಲಿ ಸಿಕ್ಕಿದ್ದು ಒಂದು ಗೇಣುದ್ದದ ತಂತಿಯ ದೋಷ. ಅದನ್ನು ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಕಾರು ಇಟ್ಟುಕೊಂಡ ಪ್ರತಿಯೊಬ್ಬರಿಗೂ ಈ ದಾರಿ ಗೊತ್ತಿರಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೆಕ್ಯಾನಿಕ್ ಕೈಗೆ ಕಾರು ಕೊಡುವವರಿಗೂ ಗೊತ್ತಿರಬೇಕು, ಏಕೆಂದರೆ ಊಹೆಯ ಮೇಲೆ ಬದಲಾಗುವ ಒಂದೊಂದು ಭಾಗಕ್ಕೂ ದುಡ್ಡು ತೆರುವವರು ಅವರೇ.

ಗಿರಿಯಲ್ಲೇ ಏಕೆ ಕೈಕೊಡುತ್ತದೆ

ಹಾಸನದಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವ ಕಾರಿಗೆ ರೇಡಿಯೇಟರ್ ಫ್ಯಾನ್ ಬಹುಮಟ್ಟಿಗೆ ಬೇಕಾಗಿಯೇ ಇಲ್ಲ. ಎಂಜಿನ್ನಿನ ಬಿಸಿನೀರು ಹರಿದು ಆರುವ ರೇಡಿಯೇಟರನ್ನು ಎದುರಿನಿಂದ ನುಗ್ಗುವ ಗಾಳಿಯೇ ತಣಿಸುತ್ತದೆ. ಹಾಗಾಗಿ ಫ್ಯಾನ್ ಕೆಟ್ಟು ತಿಂಗಳುಗಳಾದರೂ ಮಾಲೀಕರಿಗೆ ಸುಳಿವೇ ಸಿಗದಿರಬಹುದು. ಕೈಮರ ದಾಟಿ ಗಿರಿಯ ರಸ್ತೆ ಹಿಡಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಮೊದಲ ಗೇರು, ಎರಡನೆಯ ಗೇರು; ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ವೇಗ ಮಾತ್ರ ಹದಿನೈದು, ಇಪ್ಪತ್ತು. ಎದುರಿನ ಗಾಳಿ ಇಲ್ಲ. ಮೇಲಿಂದ ವಾಹನ ಬಂತೆಂದು ಕಿರಿದಾದ ತಿರುವಿನಲ್ಲಿ ಐದು ನಿಮಿಷ ನಿಂತರಂತೂ ಎಂಜಿನ್ನಿನ ಕಾವನ್ನು ಹೊರಗೆ ಹಾಕಲು ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ. ಶಿರಾಡಿಯಲ್ಲಿ ಲಾರಿ ಕೆಟ್ಟು ಸಾಲು ನಿಂತಾಗಲೂ, ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗಲೂ ಇದೇ ಕಥೆ.

ಹಾಗಾಗಿ "ಹೈವೇಯಲ್ಲಿ ಏನೂ ತೊಂದರೆಯಿಲ್ಲ, ನಿಂತಾಗ ಮಾತ್ರ ಬಿಸಿಯಾಗುತ್ತದೆ" ಎಂದು ಯಾರಾದರೂ ಹೇಳಿದರೆ ನನ್ನ ಕಣ್ಣು ಮೊದಲು ಫ್ಯಾನಿನ ಕಡೆಗೆ ಹೋಗುತ್ತದೆ. ವೇಗವಾಗಿ ಹೋಗುವಾಗಲೂ ಬಿಸಿಯಾಗುತ್ತದೆ ಎಂದರೆ ಫ್ಯಾನನ್ನು ಪಕ್ಕಕ್ಕಿಟ್ಟು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ, ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ತೆಳು ಪಟ್ಟಿ) ಇವುಗಳ ಕಡೆಗೆ ನೋಡಬೇಕು.

ರಸ್ತೆಯಲ್ಲೇ ಮುಳ್ಳು ಏರಿದರೆ

ಕಾರನ್ನು ಬದಿಗೆ ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರನ್ನು ಕೊನೆಯ ವೇಗಕ್ಕೆ ಇಡಿ, ಕಿಟಕಿಗಳನ್ನು ಇಳಿಸಿ. ಒಳಗೆ ಕೂತವರಿಗೆ ಬೇಯುವಂತಾಗುತ್ತದೆ, ಆದರೆ ಹೀಟರಿನ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ಅದು ಎಂಜಿನ್ನಿನ ಒಂದಷ್ಟು ಕಾವನ್ನು ಎಳೆದುಕೊಳ್ಳುತ್ತದೆ. ಮುಳ್ಳು ಕೆಂಪು ಮುಟ್ಟಿದ ಮೇಲೆ ಮುಂದೆ ಹೋಗುವ ಮಾತಿಲ್ಲ, ಎಂಜಿನ್ ಆರಿಸಲೇಬೇಕು. ಅಲ್ಯೂಮಿನಿಯಂ ಹೆಡ್ ಅತಿಯಾದ ಕಾವಿಗೆ ಡೊಂಕಾದರೆ ಆಗುವ ಖರ್ಚಿನ ಮುಂದೆ ಹಗ್ಗ ಕಟ್ಟಿ ಎಳೆಸಿದ ಖರ್ಚು ಏನೂ ಅಲ್ಲ.

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಳಗೆ ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು, ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದು ಹೋದವರನ್ನು ನಾನು ನೋಡಿದ್ದೇನೆ. ಮುಕ್ಕಾಲು ಗಂಟೆಯಾದರೂ ಕಾಯಿರಿ; ಮೇಲಿನ ಹೋಸ್ ಪೈಪನ್ನು ಹಿಸುಕಿದರೆ ಮೆತ್ತಗಿದ್ದು, ಕೈಗೆ ಬೆಚ್ಚಗೆ ಮಾತ್ರ ಇರಬೇಕು. ಕಾದ ಎಂಜಿನ್ನಿನ ಮೇಲೆ ಬಾಟಲಿಯ ತಣ್ಣೀರು ಸುರಿಯುವುದೂ ಬೇಡ.

ಬಾನೆಟ್ ಎತ್ತಿ ಕೆಲಸಕ್ಕೆ ಕೂರುವಾಗಲೂ ಒಂದು ಎಚ್ಚರ ಇರಲಿ. ಹಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಲ್ಲದು. ರೆಕ್ಕೆಗಳ ನಡುವೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಸೆರಗು, ಶಲ್ಯ, ತೂಗುವ ತೋಳು ಯಾವುದೂ ಹತ್ತಿರ ಬರಬಾರದು.

ತಪ್ಪು ನಿಜಕ್ಕೂ ಫ್ಯಾನಿನದೇ?

ಈ ಪ್ರಶ್ನೆ ನಮ್ಮ ಊರಿನಲ್ಲಿ ಬೇರೆ ಕಡೆಗಿಂತ ಮುಖ್ಯ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎನ್ನುವುದು ಸಮುದ್ರದ ಮಟ್ಟದ ಮಾತು. ಎತ್ತರ ಏರಿದಂತೆ ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗಿಂತ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್. ಅಲ್ಲಿ 94ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಬಹುಪಾಲು ಕಾರುಗಳಲ್ಲಿ ಫ್ಯಾನ್ ಶುರುವಾಗುವುದು 95ರಿಂದ 105 ಡಿಗ್ರಿಯ ನಡುವೆ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೂಲೆಂಟ್ ಬದಲಿಗೆ ಬರೀ ನಲ್ಲಿ ನೀರು ತುಂಬಿದ, ಮುಚ್ಚಳದ ರಬ್ಬರ್ ಸವೆದು ಒತ್ತಡ ಹಿಡಿಯದ ಕಾರು ಗಿರಿ ಹತ್ತಿದರೆ, ಫ್ಯಾನಿನ ಸರದಿ ಬರುವ ಮೊದಲೇ ನೀರು ಕುದಿದು ಹೊರಗೆ ಬರುತ್ತದೆ. ನೋಡಿದವರು "ಕುದಿದರೂ ಫ್ಯಾನ್ ತಿರುಗಲಿಲ್ಲ" ಎನ್ನುತ್ತಾರೆ. ಫ್ಯಾನಿನಲ್ಲಿ ಯಾವ ದೋಷವೂ ಇರುವುದಿಲ್ಲ. ಒಳ್ಳೆಯ ಮುಚ್ಚಳ ವ್ಯವಸ್ಥೆಯೊಳಗೆ ಸುಮಾರು 0.9ರಿಂದ 1.1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟು, ಗಿರಿಯ ಮೇಲೂ ಕುದಿಯುವ ಬಿಂದುವನ್ನು 110 ಡಿಗ್ರಿಯ ಆಚೆಗೆ ತಳ್ಳುತ್ತದೆ. ಅರ್ಧ ಕೂಲೆಂಟ್, ಅರ್ಧ ಬಟ್ಟಿ ಇಳಿಸಿದ ನೀರು ಹಾಕಿದರೆ ಇನ್ನೂ ಕೆಲವು ಡಿಗ್ರಿ ಸೇರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಅದರ ರಬ್ಬರ್ ಬಿರುಕು ಬಿಟ್ಟಿದೆಯೇ, ಸ್ಪ್ರಿಂಗ್ ಗಟ್ಟಿಯಿದೆಯೇ ನೋಡಿ. ಸಂಶಯ ಬಂದರೆ ಅದೇ ಒತ್ತಡದ ಅಂಕಿ ಇರುವ ಹೊಸ ಮುಚ್ಚಳ ಹಾಕಿ. ಇಡೀ ವ್ಯವಸ್ಥೆಯ ಅತಿ ಅಗ್ಗದ ಭಾಗಗಳಲ್ಲಿ ಇದೂ ಒಂದು.

ಕೂಲೆಂಟ್ ಮಟ್ಟವನ್ನು ನೋಡುವುದು ಇನ್ನೊಂದು ಕಾರಣಕ್ಕೂ ಬೇಕು. ಸೆನ್ಸರಿನ ಮೂತಿ ದ್ರವದಲ್ಲಿ ಮುಳುಗಿರಬೇಕು. ನೀರು ಇಳಿದು ಅಲ್ಲಿ ಗಾಳಿಯೋ ಹಬೆಯೋ ನಿಂತರೆ ಸೆನ್ಸರ್ ನಿಜವಾದ ಕಾವನ್ನು ಹೇಳುವುದಿಲ್ಲ. ಎಂಜಿನ್ ಬೇಯುತ್ತಿದ್ದರೂ ಫ್ಯಾನಿಗೆ ಕರೆ ಹೋಗುವುದಿಲ್ಲ.

ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದ್ದರೂ ಇಂಥದೇ ಲಕ್ಷಣ ಕಾಣಬಹುದು, ಅದರಲ್ಲೂ ರೇಡಿಯೇಟರಿನಲ್ಲೇ ಥರ್ಮೋ ಸ್ವಿಚ್ (ಕಾವಿಗೆ ತಾನಾಗಿ ಜೋಡಿಕೊಳ್ಳುವ ಸ್ವಿಚ್) ಇರುವ ಹಳೆಯ ಕಾರುಗಳಲ್ಲಿ. ಎಂಜಿನ್ ಕುದಿಯುತ್ತಿರುತ್ತದೆ, ರೇಡಿಯೇಟರಿಗೆ ಬಿಸಿನೀರೇ ಬಂದಿರುವುದಿಲ್ಲ, ಸ್ವಿಚ್ಚಿಗೆ ಕಾವು ತಾಗುವುದಿಲ್ಲ. ಮುಳ್ಳು ಮೇಲೇರಿದಾಗಲೂ ರೇಡಿಯೇಟರ್ ಮತ್ತು ಕೆಳಗಿನ ಹೋಸ್ ಪೈಪ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಇಲ್ಲವೇ ವಾಟರ್ ಪಂಪ್ ಕಡೆ ಹೋಗಿ.

ಎಸ್ಟೇಟುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಜೀಪುಗಳ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಅಲ್ಲಿ ಈ ಬರಹದ ವಿದ್ಯುತ್ ಪರೀಕ್ಷೆಗಳು ಯಾವುವೂ ಅನ್ವಯಿಸುವುದಿಲ್ಲ.

ಕಾಯುವ ತಾಳ್ಮೆಯೂ ಬೇಕು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸಣ್ಣ ಎಂಜಿನ್ನನ್ನು ನಿಂತಲ್ಲೇ ಓಡಿಸಿ ಹತ್ತು ನಿಮಿಷಕ್ಕೆ ಫ್ಯಾನ್ ಬರಲಿಲ್ಲ ಎಂದು ತೀರ್ಮಾನಿಸಬಾರದು. ಇಪ್ಪತ್ತು, ಇಪ್ಪತ್ತೈದು ನಿಮಿಷವಾದರೂ ಹಿಡಿಯಬಹುದು. ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ಹತ್ತಿಪ್ಪತ್ತು ಡಿಗ್ರಿಯ ಏರಿಳಿತವಾದರೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಮೊಬೈಲಿಗೆ ಜೋಡಿಸುವ ಸಣ್ಣ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸಾಧನ) ಇದ್ದರೆ ಕೂಲೆಂಟಿನ ಕಾವು ಡಿಗ್ರಿಯಲ್ಲೇ ಕಾಣುತ್ತದೆ. ಅಂಕಿ 105 ದಾಟಿದರೂ ಫ್ಯಾನ್ ಸದ್ದಿಲ್ಲದಿದ್ದರೆ ಎಂಜಿನ್ ಆರಿಸಿ. ದೋಷ ಫ್ಯಾನಿನ ಸಾಲಿನಲ್ಲಿದೆ ಎಂದು ಆಗ ಧೈರ್ಯವಾಗಿ ಹೇಳಬಹುದು.

ಎಸಿ ಒತ್ತಿ ನೋಡುವುದು

ರೈಟರ ಕಾರಿನಲ್ಲಿ ನಾನು ಮಾಡಿದ ಮೊದಲ ಪರೀಕ್ಷೆ ಇದು. ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ತುಂಬಿಸಿ, ಸ್ಟಾರ್ಟ್ ಮಾಡಿ ಎಸಿ ಗುಂಡಿ ಒತ್ತಿದೆ. ಎಸಿ ಕಂಪ್ರೆಸರ್ ಹಿಡಿದುಕೊಂಡಾಗ ಎಂಜಿನ್ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ತಿರುಗುವ ವ್ಯವಸ್ಥೆ ಬಹುಪಾಲು ಕಾರುಗಳಲ್ಲಿದೆ. ಎಸಿಯ ಕರೆಗೆ ಫ್ಯಾನ್ ತಿರುಗಿ, ಎಂಜಿನ್ ಕಾವಿಗೆ ಮಾತ್ರ ತಿರುಗದಿದ್ದರೆ ಮೋಟಾರ್, ಫ್ಯೂಸ್, ಅರ್ತ್ (ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ) ಎಲ್ಲವೂ ಚೆನ್ನಾಗಿವೆ ಎಂದಾಯಿತು. ಆಗ ಸೆನ್ಸರನ್ನು, ಅದರ ತಂತಿಯನ್ನು ಅನುಮಾನಿಸಬೇಕು. ಎಸಿಗೂ ಫ್ಯಾನ್ ಅಲುಗದಿದ್ದರೆ ಸೆನ್ಸರಿನ ಮೇಲಿನ ಅನುಮಾನ ಬಹಳ ಕಡಿಮೆಯಾಗುತ್ತದೆ. ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್), ತಂತಿ, ಮೋಟಾರ್, ಅರ್ತ್ ಇವುಗಳಲ್ಲೊಂದು ಕೈಕೊಟ್ಟಿದೆ.

ಈ ಕಾರಿನಲ್ಲಿ ಕಂಪ್ರೆಸರ್ ಟಕ್ ಎಂದು ಹಿಡಿದ ಸದ್ದು ಬಂತು, ಫ್ಯಾನ್ ಮಾತ್ರ ಸುಮ್ಮನಿತ್ತು. ಒಂದೇ ನಿಮಿಷದ ಈ ಕೆಲಸವನ್ನು ಮೊದಲೇ ಮಾಡಿದ್ದರೆ ಹೊಸ ಸೆನ್ಸರ್ ಬರುತ್ತಿರಲಿಲ್ಲ, ಥರ್ಮೋಸ್ಟಾಟ್ ಹೋಗುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡು ಷರತ್ತುಗಳಿವೆ. ಎಸಿಯಲ್ಲಿ ಗ್ಯಾಸ್ ಇಲ್ಲದಿದ್ದರೆ ಕಂಪ್ರೆಸರ್ ಹಿಡಿಯುವುದೇ ಇಲ್ಲ, ಫ್ಯಾನಿಗೂ ಕರೆ ಹೋಗದಿರಬಹುದು. ಕೆಲವು ಕಾರುಗಳಲ್ಲಿ ಎಸಿಗೆ ಒಂದು, ರೇಡಿಯೇಟರಿಗೆ ಒಂದು ಎಂದು ಎರಡು ಫ್ಯಾನ್ ಇರುತ್ತವೆ. ಯಾವುದು ತಿರುಗುತ್ತಿದೆ ಎಂದು ಬಗ್ಗಿ ನೋಡಿಯೇ ಹೇಳಬೇಕು.

ಫ್ಯೂಸ್, ಆಮೇಲೆ ಮೋಟಾರ್

ಫ್ಯಾನಿನ ಫ್ಯೂಸ್ ಸಾಮಾನ್ಯವಾಗಿ ಬಾನೆಟ್ಟಿನ ಒಳಗಿನ ಪೆಟ್ಟಿಗೆಯಲ್ಲಿ ಇರುತ್ತದೆ, 30 ಅಥವಾ 40 ಆಂಪಿಯರಿನದು. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸನ್ನೂ ಟೆಸ್ಟ್ ಲ್ಯಾಂಪಿನಿಂದ ಎರಡೂ ತುದಿಗೆ ಮುಟ್ಟಿಸಿ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನ ಹೊಸದನ್ನು ಹಾಕಬೇಕು. ಹೆಚ್ಚಿನ ಆಂಪಿಯರಿನದನ್ನಾಗಲಿ, ತಂತಿ ಸುತ್ತಿಯಾಗಲಿ ಹಾಕಬಾರದು. ಹೊಸದೂ ಸುಟ್ಟರೆ ಕಾರಣ ಎಲ್ಲೋ ಇದೆ: ತಂತಿ ಕಾರಿನ ಲೋಹದ ಮೈಗೆ ತಾಗುತ್ತಿದೆ ಅಥವಾ ಮೋಟಾರ್ ಹಿಡಿದುಕೊಂಡಿದೆ. ತಿರುಗಲಾರದ ಮೋಟಾರ್ ಎಳೆಯುವ ಕರೆಂಟ್ ತಿರುಗುವ ಮೋಟಾರಿನ ಹಲವು ಪಟ್ಟು. ಬ್ಯಾಟರಿ ಬಿಚ್ಚಿಟ್ಟು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಕರಕರ ಎನ್ನದೆ ಒಂದೆರಡು ಸುತ್ತು ಸರಾಗವಾಗಿ ಬರಬೇಕು.

ಫ್ಯೂಸ್ ಚೆನ್ನಾಗಿದ್ದರೆ ಮೋಟಾರಿನ ಕಪ್ಲರ್ (ತಂತಿ ಜೋಡಿಸುವ ಪ್ಲಗ್) ಬಿಚ್ಚಿ, ಬ್ಯಾಟರಿಯಿಂದಲೇ ನೇರವಾಗಿ ಎರಡು ದಪ್ಪ ತಂತಿ ಎಳೆದು ಮೋಟಾರಿಗೆ ಕೊಡಿ. ಪ್ಲಸ್ ತಂತಿಯ ನಡುವೆ ಒಂದು 30 ಆಂಪಿಯರ್ ಫ್ಯೂಸ್ ಇರಲಿ. ಫ್ಯಾನ್ ಜೋರಾಗಿ ತಿರುಗಿದರೆ ಮೋಟಾರಿನ ಮೇಲಿನ ಅಪವಾದ ಅಲ್ಲಿಗೆ ಮುಗಿಯಿತು, ಹೊಸ ಮೋಟಾರ್ ಬೇಡ. ತಿರುಗದಿದ್ದರೆ ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ಅದು ಇಂದಲ್ಲ ನಾಳೆ ಪೂರ್ತಿ ನಿಲ್ಲುತ್ತದೆ, ಅದೂ ಗಿರಿಯ ಮೇಲೆಯೇ.

ಮೋಟಾರಿಗೆ ಎರಡಕ್ಕಿಂತ ಹೆಚ್ಚು ತಂತಿ ಬಂದಿದ್ದರೆ ಈ ಪರೀಕ್ಷೆಗೆ ಮೊದಲು ನಿಮ್ಮ ಕಾರಿನ ವೈರಿಂಗ್ ನಕ್ಷೆ ನೋಡಲೇಬೇಕು. ಕೆಲವಕ್ಕೆ ಎರಡು ವೇಗಗಳಿರುತ್ತವೆ. ಹೊಸ ಕಾರುಗಳಲ್ಲಿ ಮೋಟಾರಿನ ಜೊತೆಗೇ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೂತಿರಬಹುದು. ಅದಕ್ಕೆ ಕಂಡಕಂಡಲ್ಲಿ ಬ್ಯಾಟರಿ ಮುಟ್ಟಿಸಿದರೆ ಒಳ್ಳೆಯದಿದ್ದದ್ದೂ ಸುಡುತ್ತದೆ. ಎರಡು ವೇಗದ ಫ್ಯಾನ್ ತಡವಾಗಿ, ಆದರೆ ಬಂದಾಗ ಒಮ್ಮೆಲೇ ಭೋರೆಂದು ತಿರುಗುತ್ತದೆ ಎಂದಾದರೆ ಕಡಿಮೆ ವೇಗದ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಅರ್ತ್: ಮೀಟರ್ ಕೂಡ ಮೋಸ ಹೋಗುವ ಜಾಗ

ರೈಟರ ಕಾರಿನ ಮೋಟಾರ್ ನೇರ ತಂತಿಗೆ ಭರ್ರನೆ ತಿರುಗಿತು. ಅವರ ಮುಖ ಅರಳಿತು, ನನಗೆ ಮಾತ್ರ ಒಗಟು ಆಗ ಶುರುವಾಯಿತು. ಎಸಿ ಹಾಕಿಸಿ, ಬಿಚ್ಚಿದ ಕಪ್ಲರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದೆ. 13.8 ವೋಲ್ಟ್! ಪೂರ್ತಿ ಕರೆಂಟ್ ಬರುತ್ತಿದೆ, ಮೋಟಾರ್ ಒಳ್ಳೆಯದಿದೆ, ಜೋಡಿಸಿದರೆ ತಿರುಗುವುದಿಲ್ಲ. ಬೇರೆ ಕಡೆ ಮೋಟಾರ್ ಬದಲಿಸಲು ಹೇಳಿದ್ದೂ ಬಹುಶಃ ಈ ಅಂಕಿಯನ್ನು ನೋಡಿಯೇ.

ಬಿಚ್ಚಿದ ಕಪ್ಲರಿನಲ್ಲಿ ಅಳೆದದ್ದೇ ತಪ್ಪು. ಮನೆಯ ನಲ್ಲಿಯನ್ನು ನೆನೆದುಕೊಳ್ಳಿ. ಪೈಪಿನಲ್ಲಿ ಮುಕ್ಕಾಲು ಪಾಲು ಕಲ್ಲು ಕಟ್ಟಿಕೊಂಡಿದ್ದರೂ, ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ತಿರುಗಿಸಿದಾಗಲೇ ನೂಲಿನಂಥ ಧಾರೆ ಬಂದು ನಿಜ ಹೊರಬೀಳುವುದು. ತಂತಿಯಲ್ಲೂ ಹಾಗೆಯೇ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಪೂರ್ತಿ ವೋಲ್ಟ್ ತೋರಿಸುತ್ತದೆ. ಫ್ಯಾನ್ ಹತ್ತು ಆಂಪಿಯರ್ ಮೀರಿ ಎಳೆಯುತ್ತದೆ. ಹತ್ತು ಆಂಪಿಯರ್ ಹರಿಯಬೇಕಾದ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಐದು ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಕಪ್ಲರ್ ಜೋಡಿಸಿದ ಸ್ಥಿತಿಯಲ್ಲೇ, ಹಿಂದಿನಿಂದ ಸಣ್ಣ ಸೂಜಿ ತೂರಿಸಿ ಅಳೆಯಬೇಕು.

ಹಾಗೆ ಅಳೆದಾಗ ಪ್ಲಸ್ ತಂತಿಗೂ ಬ್ಯಾಟರಿ ಮೈನಸ್‌ಗೂ ನಡುವೆ 13 ವೋಲ್ಟಿಗೂ ಮೇಲಿತ್ತು. ಮೋಟಾರಿನ ಮೈನಸ್ ತಂತಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಹಿಡಿದೆ. ಅರ್ತ್ ಸರಿಯಿದ್ದರೆ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹನ್ನೊಂದು ವೋಲ್ಟ್ ತೋರಿಸಿತು. ಕರೆಂಟ್ ಮೋಟಾರಿನವರೆಗೆ ಬಂದು, ಹಿಂದಿರುಗಲು ದಾರಿಯಿಲ್ಲದೆ ನಿಂತಿತ್ತು.

ಆ ಕಪ್ಪು ತಂತಿಯನ್ನು ಬೆರಳಲ್ಲೇ ಹಿಡಿದು ಹಿಂಬಾಲಿಸಿದೆ. ಅದು ಬ್ಯಾಟರಿ ತಟ್ಟೆಯ ಕೆಳಗೆ ಕಾರಿನ ಮೈಗೆ ಬೋಲ್ಟ್ ಆಗಿತ್ತು. ಮೇಲಿನಿಂದ ನೋಡಿದರೆ ಬೋಲ್ಟ್ ಬಿಗಿ, ರಿಂಗ್ ಸರಿ, ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಸರಿ. ತಂತಿಯನ್ನು ಸ್ವಲ್ಪ ಬಾಗಿಸಿದಾಗ ರಿಂಗಿನ ಬುಡದಲ್ಲಿ ಒಳಗಿನಿಂದ ಪುಡಿ ಒತ್ತಿದ ಸದ್ದು ಬಂತು. ಹೊದಿಕೆ ಸೀಳಿದರೆ ತಾಮ್ರದ ಕೆಂಪೇ ಇಲ್ಲ. ಬಾವಿಕಟ್ಟೆಯ ಪಾಚಿಯ ಬಣ್ಣದ ಹಸಿರು ಪುಡಿ ಉದುರಿತು. ಒಳಗೆ ಜೀವಂತ ಉಳಿದದ್ದು ಎರಡೋ ಮೂರೋ ಎಳೆ. ನಮ್ಮ ಮಳೆಗಾಲದ ತೇವ, ಬ್ಯಾಟರಿಯ ಆಸಿಡ್ ಆವಿ, ಕಾರು ತೊಳೆಯುವಾಗ ಬಾನೆಟ್ಟಿನ ಒಳಗೆ ರಭಸದಿಂದ ಹೊಡೆಸಿದ ನೀರು, ಎಲ್ಲ ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ ಅದು. ಕೆಟ್ಟ ತುದಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಂತಿಗೆ ಹೊಸ ರಿಂಗ್ ಒತ್ತಿ, ಬೋಲ್ಟಿನ ಅಡಿಯ ಬಣ್ಣವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ.

ಕೆಲವು ಕಾರುಗಳಲ್ಲಿ ಪ್ಲಸ್ ಸದಾ ಮೋಟಾರಿಗೆ ಬಂದಿದ್ದು, ರಿಲೇ ಮೈನಸ್ ಕಡೆಯನ್ನು ಜೋಡಿಸುತ್ತದೆ. ಅಲ್ಲಿ ಮೈನಸ್ ಕಡೆ ವೋಲ್ಟ್ ಕಂಡರೆ ರಿಲೇಯೂ ಕಾರಣವಾಗಿರಬಹುದು.

ರಿಲೇ ಮತ್ತು ಇಲಿ

ಕಪ್ಲರಿಗೆ ಪ್ಲಸ್ ಬರುವುದೇ ಇಲ್ಲ, ಫ್ಯೂಸ್ ಸರಿಯಿದೆ ಎಂದಾದರೆ ರಿಲೇ ನೋಡಿ. ಅದೇ ಪೆಟ್ಟಿಗೆಯಲ್ಲಿ ಹಾರ್ನಿಗೋ ಬೇರೆಯದಕ್ಕೋ ಅದೇ ನಂಬರಿನ, ಅದೇ ಕಾಲುಗಳ ರಿಲೇ ಇದ್ದರೆ ಎರಡನ್ನೂ ಅದಲುಬದಲು ಮಾಡಿ. ಫ್ಯಾನ್ ತಿರುಗಿ ಹಾರ್ನ್ ನಿಂತರೆ ಉತ್ತರ ಸಿಕ್ಕಿತು. ಹಾಗೆ ಸಿಗದಿದ್ದರೆ ರಿಲೇ ಕಿತ್ತು ಅದರ ಕಾಲುಗಳ ಅಂಕಿ ಓದಿ. 85 ಮತ್ತು 86 ಒಳಗಿನ ಕಾಯಿಲಿನವು, ಅಲ್ಲಿ ಸಾಮಾನ್ಯವಾಗಿ 70ರಿಂದ 100 ಓಮ್ ತೋರಿಸಬೇಕು. 30 ಮತ್ತು 87 ಮೋಟಾರಿನ ಕರೆಂಟ್ ಹಾಯುವ ದಾರಿ. 85, 86ಕ್ಕೆ ಬ್ಯಾಟರಿ ಕೊಟ್ಟರೆ ಟಕ್ ಎನ್ನಬೇಕು, ಆಗ 30, 87ರ ನಡುವೆ ದಾರಿ ಕೂಡಿಕೊಂಡು ಕರೆಂಟ್ ಹರಿಯಬೇಕು. ಟಕ್ ಎಂದಿತು ಎಂದ ಮಾತ್ರಕ್ಕೆ ರಿಲೇ ಒಳ್ಳೆಯದಲ್ಲ. ಒಳಗಿನ ಮುಟ್ಟುವ ಬಿಂದುಗಳು ಸುಟ್ಟು ಕಪ್ಪಾಗಿದ್ದರೆ ಸದ್ದು ಬರುತ್ತದೆ, ಕರೆಂಟ್ ಬರುವುದಿಲ್ಲ. ರಿಲೇ ಕೂರುವ ಗೂಡನ್ನೂ ನೋಡಿ. ಪ್ಲಾಸ್ಟಿಕ್ ಕರಗಿ ಕಂದಾಗಿದ್ದರೆ ಹೊಸ ರಿಲೇಯೂ ಹೆಚ್ಚು ಕಾಲ ಬಾಳುವುದಿಲ್ಲ.

ರಿಲೇಯೂ ಚೆನ್ನಾಗಿದ್ದರೆ ನಾನು ಟಾರ್ಚ್ ಹಿಡಿದು ಇಲಿ ಹುಡುಕುತ್ತೇನೆ. ಕಾಫಿ ಕುಯ್ಲಿನ ಕಾಲದಲ್ಲಿ ಗೋದಾಮಿನ ಪಕ್ಕ ನಿಲ್ಲಿಸಿದ ಕಾರಿನ ಎಂಜಿನ್ ಮೇಲೆ ಇಲಿ ಗೂಡು ಕಟ್ಟುವುದು ಇಲ್ಲಿ ಹೊಸದಲ್ಲ. ಬೆಚ್ಚಗಿನ ಜಾಗ, ಮಳೆಯಿಲ್ಲ, ಕಚ್ಚಲು ತಂತಿ. ಗೋಣಿಯ ನಾರು, ಹಿಕ್ಕೆ, ಒಣ ಎಲೆ ಕಂಡರೆ ಅದರ ಸುತ್ತಲಿನ ಒಂದೊಂದು ತಂತಿಯನ್ನೂ ಬೆರಳಿನಿಂದ ಸವರಿ ನೋಡಬೇಕು. ಸೆನ್ಸರಿನ ತೆಳು ತಂತಿಗಳೇ ಮೊದಲು ಹೋಗುತ್ತವೆ.

ಸೆನ್ಸರನ್ನು ಕೊನೆಗೆ

ಎಸಿಗೆ ತಿರುಗಿ ಕಾವಿಗೆ ತಿರುಗದ ಫ್ಯಾನಿನ ಕಾರಿಗೆ ಮಾತ್ರ ಈ ಭಾಗ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಹಲವು ಕಾರುಗಳಲ್ಲಿ, ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಸೆನ್ಸರಿನ ಕಪ್ಲರ್ ಬಿಚ್ಚಿದರೆ, ಕಾವು ತಿಳಿಯದ ಇಸಿಯು ಸುರಕ್ಷತೆಗಾಗಿ ಫ್ಯಾನನ್ನು ತಿರುಗಿಸಿಬಿಡುತ್ತದೆ. ಬಿಚ್ಚಿದಾಗ ಫ್ಯಾನ್ ಬಂದರೆ ರಿಲೇವರೆಗಿನ ದಾರಿ ಸರಿಯಿದೆ, ಸೆನ್ಸರ್ ತಪ್ಪು ಹೇಳುತ್ತಿದೆ ಎಂದು ತಿಳಿಯಬಹುದು. ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಅದನ್ನು ಆಮೇಲೆ ಸ್ಕ್ಯಾನರಿನಿಂದ ಅಳಿಸಬಹುದು. ಸ್ಕ್ಯಾನರಿನಲ್ಲಿ ಪಿ0117, ಪಿ0118 ಎಂಬ ಕೋಡ್‌ಗಳು ಸೆನ್ಸರಿನ ಸರ್ಕ್ಯೂಟಿನತ್ತ, ಪಿ0480 ಫ್ಯಾನಿನ ಕಂಟ್ರೋಲ್ ಸರ್ಕ್ಯೂಟಿನತ್ತ ಬೊಟ್ಟು ಮಾಡುತ್ತವೆ. ಕೋಡ್ ಹೇಳುವುದು ದೋಷವಿರುವ ಬೀದಿಯನ್ನು ಮಾತ್ರ, ಮನೆಯನ್ನಲ್ಲ. ಪಿ0118 ಬಂತೆಂದು ಸೆನ್ಸರ್ ತರುವ ಮೊದಲು ಅದರ ತಂತಿ ತುಂಡಾಗಿದೆಯೇ ನೋಡಿ.

ಈ ಸೆನ್ಸರಿನ ತಡೆ ಕಾವು ಏರಿದಂತೆ ಇಳಿಯುತ್ತದೆ. ಸಾಮಾನ್ಯವಾಗಿ 20-25 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು, 80-90 ಡಿಗ್ರಿಗೆ ಮುನ್ನೂರರ ಆಸುಪಾಸಿಗೆ ಬರುತ್ತದೆ. ಬಿಸಿನೀರಿನಲ್ಲಿ ಮೂತಿ ಅದ್ದಿ, ಥರ್ಮಾಮೀಟರ್ ಪಕ್ಕದಲ್ಲಿಟ್ಟು ನೋಡಬಹುದು. ಹಳೆಯ ಕಾರಿನ ಎರಡು ಕಾಲಿನ ಥರ್ಮೋ ಸ್ವಿಚ್ ಆದರೆ ಅದರ ಕಪ್ಲರಿನ ಎರಡು ತಂತಿ ಜೋಡಿಸಿದರೆ ಸಾಕು, ಕೀ ಆನ್ ಇದ್ದಾಗ ಫ್ಯಾನ್ ತಿರುಗಬೇಕು. ಇಸಿಯುಗೆ ಹೋಗುವ ಸೆನ್ಸರಿನ ತಂತಿಗಳನ್ನು ಹೀಗೆ ಜೋಡಿಸುವುದು ಬೇಡ.

ಥರ್ಮೋ ಸ್ವಿಚ್ಚನ್ನು ಪಾತ್ರೆಯ ನೀರಿನಲ್ಲಿ ಕುದಿಸಿ "ಹಾಳಾಗಿದೆ" ಎಂದು ಎಸೆಯುವವರಿಗೆ ಒಂದು ಮಾತು. ನಮ್ಮ ಊರಿನ ನೀರು 96-97ಕ್ಕೇ ಕುದಿದು ಅಲ್ಲೇ ನಿಲ್ಲುತ್ತದೆ. 98ಕ್ಕೆ ಜೋಡಿಕೊಳ್ಳಬೇಕಾದ ಸ್ವಿಚ್ ಎಷ್ಟೇ ಹೊಸದಿದ್ದರೂ ಆ ನೀರಿನಲ್ಲಿ ಜೋಡಿಕೊಳ್ಳುವುದಿಲ್ಲ. ಹಳೆಯ ಡಬ್ಬಿಯಲ್ಲಿ ಅಡುಗೆ ಎಣ್ಣೆ ಹಾಕಿ, ಮನೆಯ ಹೊರಗೆ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಸ್ವಿಚ್ಚಿನ ಮೂತಿ ಮಾತ್ರ ಮುಳುಗುವಂತೆ ಹಿಡಿದು ನೋಡಿ. 110 ದಾಟಿಸಬೇಕಾಗಿಲ್ಲ.

ಫ್ಯಾನ್ ಡೈರೆಕ್ಟ್ ಮಾಡಿಸುವುದು

ದೋಷ ಸಿಗದಿದ್ದಾಗ "ಡೈರೆಕ್ಟ್ ಮಾಡಿಬಿಡೋಣ" ಎನ್ನುತ್ತಾರೆ. ಕೀ ಹಾಕಿದೊಡನೆ ಫ್ಯಾನ್ ಸದಾ ತಿರುಗುವಂತೆ ತಂತಿ ಎಳೆಯುವುದು. ಗಿರಿಯ ಮೇಲೆ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಇದು ಸರಿ. ಅದನ್ನೇ ಶಾಶ್ವತ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜುಲೈ ತಿಂಗಳ ಚಳಿ ಮಳೆಯಲ್ಲಿ ನಿಂತು ಹೊರಡುವ ಎಂಜಿನ್ ಸರಿಯಾದ ಕಾವಿಗೆ ಬರಲು ಹೆಣಗುತ್ತದೆ. ಥರ್ಮೋಸ್ಟಾಟನ್ನೂ ಕಿತ್ತಿದ್ದರೆ ಕಾವಿಗೆ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಬಿಡುವಿಲ್ಲದೆ ತಿರುಗುವ ಮೋಟಾರಿನ ಬ್ರಷ್ ಬೇಗ ಮುಗಿಯುತ್ತದೆ. ಇಷ್ಟಾದ ಮೇಲೆ ಒಂದು ದಿನ ಆ ತಂತಿ ಸಡಿಲವಾದರೆ ಮತ್ತೆ ಅದೇ ತಿರುವಿನಲ್ಲಿ ಹಬೆ.

ಆದ್ದರಿಂದ ರೈಟರ ಕಾರಿಗೆ ಹೊಸ ಥರ್ಮೋಸ್ಟಾಟ್ ಹಾಕಿಸಿದೆ. ಅವರು ಸ್ವಲ್ಪ ಹಿಂಜರಿದರು, ಕಾರಣ ಹೇಳಿದ ಮೇಲೆ ಒಪ್ಪಿದರು.

ದುರಸ್ತಿಯಾದ ಮೇಲೆ

ಮೋಟಾರಿನ ತಂತಿ ಮುಟ್ಟಿದ್ದರೆ ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ನೋಡಲೇಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಅದು ಉಲ್ಟಾ ತಿರುಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ನೋಡುವವರಿಗೆ ಫ್ಯಾನ್ ಓಡುತ್ತಿದೆ, ಕಾರು ಮಾತ್ರ ಬಿಸಿ. ಮುಂದಿನ ಗ್ರಿಲ್ ಎದುರು ಒಂದು ಹಾಳೆ ಹಿಡಿಯಿರಿ. ಅದು ಒಳಕ್ಕೆ ಅಂಟಿಕೊಳ್ಳಬೇಕು.

ಹಾಗೆ ಬಗ್ಗಿದಾಗ ರೇಡಿಯೇಟರ್ ಮತ್ತು ಅದರ ಮುಂದಿನ ಎಸಿ ಕಂಡೆನ್ಸರ್ ನಡುವೆ ಟಾರ್ಚ್ ಹಾಕಿ. ತೋಟದ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಅಲ್ಲಿ ಹುಳು, ಸಿಲ್ವರ್ ಓಕ್ ಮರದ ಎಲೆ, ಕೆಸರು ಸೇರಿ ಕಂಬಳಿಯಂತೆ ಕೂತಿರುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ರಭಸದ ನೀರಿಗೆ ತೆಳ್ಳಗಿನ ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಕೊನೆಗೆ ಎಂಜಿನ್ ಓಡಿಸಿ, ಎಸಿ ಆರಿಸಿ ನಿಂತಲ್ಲೇ ಕಾಯಿರಿ. ಫ್ಯಾನ್ ಎರಡು ಸಲ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವುದನ್ನು ಕಣ್ಣಾರೆ ನೋಡದೆ ನಾನು ಕೀ ಕೊಡುವುದಿಲ್ಲ. ರೈಟರ ಕಾರಿನಲ್ಲಿ ಸ್ಕ್ಯಾನರಿನ ಅಂಕಿ 98 ಮುಟ್ಟಿದಾಗ ಫ್ಯಾನ್ ಗುಂಯ್ ಎಂದಿತು, 93ಕ್ಕೆ ಇಳಿದಾಗ ನಿಂತಿತು. ಎರಡನೆಯ ಸಲವೂ ಅಷ್ಟಕ್ಕೇ. ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಲು ಹೇಳಿ ಕಳಿಸಿದೆ, ಒಳಗೆ ಉಳಿದ ಗಾಳಿ ರಾತ್ರಿ ಹೊರಬಿದ್ದು ಮಟ್ಟ ಇಳಿದಿರುತ್ತದೆ. ಅರ್ಧ ಲೋಟದಷ್ಟು ಕೂಲೆಂಟ್ ಹಿಡಿಯಿತು ಎಂದು ಫೋನ್ ಮಾಡಿದರು.